ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು

ಮೊಬೈಲಿನಲ್ಲಿ ಸಮರಕಲೆಯ ವಿಡಿಯೊಗಳನ್ನು ನೋಡುವ ಚಟ ನನಗಿದೆ. ಒಂದನ್ನು ನೋಡಿದರೆ ಅದೇ ಜಾತಿಯ ಹತ್ತು ತಾವಾಗಿಯೇ ಬಂದು ಸಾಲು ನಿಲ್ಲುತ್ತವೆ. ಮುಕ್ಕಾಲು ಪಾಲು ಒಂದೇ ನಮೂನೆ. ಗುರುವಿನ ಎದುರು ಶಿಷ್ಯನೊಬ್ಬ ನಿಂತಿರುತ್ತಾನೆ, ಒಂದು ಗುದ್ದು ಎಸೆಯುತ್ತಾನೆ. ಗುರು ಅದನ್ನು ಪಕ್ಕಕ್ಕೆ ಸರಿಸಿ, ಗಂಟಲಿಗೊಂದು ಕೊಟ್ಟು, ಹಿಂಗತ್ತು ಹಿಡಿದು ಬಗ್ಗಿಸಿ, ಮೊಣಕಾಲಿನಿಂದ ಎದೆಗೊಂದು ಏರಿಸಿ, ಕೊನೆಗೆ ನೆಲಕ್ಕೆ ಕೆಡವುತ್ತಾನೆ. ಇಷ್ಟೆಲ್ಲ ಮುಗಿಯುವವರೆಗೂ ಶಿಷ್ಯನ ಆ ಮೊದಲ ಗುದ್ದಿನ ಕೈ ಗಾಳಿಯಲ್ಲಿ ಚಾಚಿದಂತೆಯೇ ಇರುತ್ತದೆ. ಅದು ಹಿಂದಕ್ಕೆ ಬರುವುದಿಲ್ಲ, ಎರಡನೆಯ ಕೈ ಏಳುವುದಿಲ್ಲ, ಕಾಲು ಒಂದಂಗುಲ ಸರಿಯುವುದಿಲ್ಲ. ಬೀಳಬೇಕಾದ ಹೊತ್ತಿಗೆ ಮಾತ್ರ ತಪ್ಪದೆ ಬೀಳುತ್ತಾನೆ. ಗುರುವಿನ ಚುರುಕುತನಕ್ಕಿಂತ ಆ ಚಾಚಿದ ಕೈಯೇ ನನ್ನನ್ನು ಹೆಚ್ಚು ಕಾಡುತ್ತದೆ. ಯಾರದದು? ಅದನ್ನು ಹಾಗೆ ಇಟ್ಟುಕೊಂಡಿರಲು ಅವನಿಗೆ ಹೇಳಿಕೊಟ್ಟವರು ಯಾರು? ಅದಕ್ಕಿಂತ ಮುಖ್ಯವಾಗಿ, ಅಂಥ ಕೈಯ ಮೇಲೆ ವರ್ಷಗಟ್ಟಲೆ ತಾಲೀಮು ಮಾಡಿದ ಗುರುವಿಗೆ ನಿಜವಾಗಿ ಏನು ಗೊತ್ತಿರುತ್ತದೆ?

ನಾನು ಪೈಲ್ವಾನನಲ್ಲ. ಸ್ಪರ್ಧೆಗಿಳಿಯುವ ವಯಸ್ಸೂ ದಾಟಿದೆ. ಕಚೇರಿ ಮುಗಿಸಿಕೊಂಡು ಬೆಂಗಳೂರಿನ ಒಂದು ಜಿಮ್ಮಿನಲ್ಲಿ ಮುಯ್ ಥಾಯ್ ಎಂಬ ಥಾಯ್ಲೆಂಡಿನ ಹೊಡೆದಾಟದ ಕಲೆ ಮತ್ತು ಕುಸ್ತಿ ಎರಡನ್ನೂ ಕಲಿಸುವ ತರಗತಿಗೆ ಹೋಗುತ್ತೇನೆ, ಅಷ್ಟೆ. ಆದರೆ ಅಲ್ಲಿ ಪ್ರತಿ ಸಂಜೆ ಕಣ್ಣಿಗೆ ಬೀಳುವ ಒಂದು ಸಂಗತಿ ಆ ವಿಡಿಯೊಗಳ ಜತೆ ಸೇರಿಕೊಂಡು ತಲೆ ತಿನ್ನುತ್ತಿದೆ. ಪ್ಯಾಡಿನ ಮೇಲೆ ಚೆನ್ನಾಗಿ ಹೊಡೆಯುವ ಹುಡುಗರು ನಮ್ಮಲ್ಲಿ ಬಹಳ ಜನ ಇದ್ದಾರೆ. ಒಬ್ಬೊಬ್ಬನ ಒದೆತದ ಸದ್ದು ಕೆಳಗಿನ ಮಹಡಿಯ ಔಷಧಿ ಅಂಗಡಿಯವರೆಗೂ ಕೇಳಿಸುತ್ತದೆ. ಅದೇ ಹುಡುಗರನ್ನು ತರಬೇತುದಾರ ಕ್ಲಿಂಚಿಗೆ ಬಿಟ್ಟರೆ, ಅಂದರೆ ಒಬ್ಬರ ಕತ್ತನ್ನೊಬ್ಬರು ಹಿಡಿದು ಮೈಗೆ ಮೈ ತಾಗಿಸಿ ಆಡಲು ಬಿಟ್ಟರೆ, ಅರ್ಧ ನಿಮಿಷದಲ್ಲಿ ಅವರು ಕಲಿತದ್ದೆಲ್ಲ ಎಲ್ಲಿಗೋ ಹೋಗಿರುತ್ತದೆ. ಬೆನ್ನು ಬಾಗುತ್ತದೆ, ಉಸಿರು ಕಟ್ಟುತ್ತದೆ, ಕೈ ಸಿಕ್ಕಿದ್ದನ್ನು ಹಿಡಿದು ಜೋತುಬೀಳುತ್ತದೆ. ಅವರಿಗೆ ಬಲ ಕಡಿಮೆಯೇನಲ್ಲ. ತಮ್ಮನ್ನು ಬೇಡವೆನ್ನುವ ಇನ್ನೊಂದು ಮೈಯ ಪರಿಚಯ ಅವರಿಗಿಲ್ಲ.

ಕಣ್ಣು ಕೆಲಸಕ್ಕೆ ಬಾರದ ದೂರ

ಹೊಡೆದಾಟದಲ್ಲಿ ದೂರ ಇದ್ದಷ್ಟು ಹೊತ್ತು ಕಣ್ಣಿನ ರಾಜ್ಯ. ಭುಜ ಅಲುಗಿತೇ, ಸೊಂಟ ತಿರುಗಿತೇ, ಹಿಂದಿನ ಕಾಲಿನ ಹಿಮ್ಮಡಿ ಎದ್ದಿತೇ ಎಂದು ನೋಡಿಕೊಂಡು ತಪ್ಪಿಸಿಕೊಳ್ಳಬಹುದು. ಹಣೆ ಎದುರಾಳಿಯ ಭುಜಕ್ಕೆ ಒರಗಿದ ಮೇಲೆ ಕಣ್ಣಿಗೆ ಕಾಣುವುದು ಅವನ ಬೆನ್ನಿನ ಬೆವರು ಮತ್ತು ಆಚೆಯ ಗೋಡೆ ಮಾತ್ರ. ಅವನ ಮೊಣಕಾಲು ಏಳುವುದನ್ನು ನೋಡುವ ಪ್ರಶ್ನೆಯೇ ಇಲ್ಲ. ಮೊಣಕಾಲು ಏಳುವ ಮೊದಲು ಅವನ ತೂಕ ಇನ್ನೊಂದು ಕಾಲಿಗೆ ಜರುಗುತ್ತದೆ, ಆ ಜರುಗುವಿಕೆ ಎದೆಯ ಮೂಲಕ ನನ್ನ ಎದೆಗೆ ತಿಳಿಯಬೇಕು. ಸ್ಪರ್ಶಕ್ಕೆ ಮೈ ಕೊಡುವ ಉತ್ತರ ನೋಟಕ್ಕೆ ಕೊಡುವ ಉತ್ತರಕ್ಕಿಂತ ತುಸು ಬೇಗ ಬರುತ್ತದೆಂಬುದು ಪ್ರಯೋಗಶಾಲೆಗಳಲ್ಲಿ ಬಹಳ ಹಿಂದೆಯೇ ಅಳೆದು ನೋಡಿರುವ ಸಂಗತಿ. ಆದರೆ ಆ ಲಾಭ ಸಿಗುವುದು ಸ್ಪರ್ಶವನ್ನು ಓದಲು ಕಲಿತವನಿಗೆ. ಓದಲು ಬಾರದವನಿಗೆ ಅದು ಬರೀ ಒತ್ತಡ, ಗಾಬರಿ.

ಬಾಕ್ಸಿಂಗ್ ಈ ದೂರವನ್ನು ಅರ್ಧ ಒಪ್ಪಿಕೊಂಡು ಅರ್ಧ ಹೊರಗಿಟ್ಟ ಆಟ. ಅಲ್ಲಿ ಹಿಡಿಯುವುದು ನಿಯಮಕ್ಕೆ ವಿರುದ್ಧ, ಹಿಡಿದರೆ ರೆಫ್ರಿ ಬಂದು ಬಿಡಿಸುತ್ತಾನೆ. ಆದರೂ ದೊಡ್ಡ ಬಾಕ್ಸರುಗಳಿಗೆಲ್ಲ ಹಿಡಿಯುವ ವಿದ್ಯೆ ಗೊತ್ತಿರುತ್ತದೆ. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಜಾರ್ಜ್ ಫೋರ್‌ಮನ್‌ನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿದ್ದು ಎಲ್ಲರಿಗೂ ಗೊತ್ತು. ಹಗ್ಗಕ್ಕೆ ಒರಗಿ ಏಟು ತಿಂದು ಎದುರಾಳಿಯನ್ನು ದಣಿಸಿದ ಎಂಬುದೇ ಎಲ್ಲ ಕಡೆ ಹೇಳುವ ಕತೆ. ಆ ಪಂದ್ಯವನ್ನು ಮತ್ತೊಮ್ಮೆ ಅಲಿಯ ಎಡಗೈಯನ್ನಷ್ಟೇ ಗಮನಿಸುತ್ತ ನೋಡಿ. ಫೋರ್‌ಮನ್ ಹತ್ತಿರ ನುಗ್ಗಿದಾಗಲೆಲ್ಲ ಆ ಕೈ ಅವನ ಹಿಂಗತ್ತಿನ ಮೇಲೆ ಹೋಗಿ ಕೂರುತ್ತದೆ, ಕೆಳಕ್ಕೆ ಒತ್ತುತ್ತದೆ. ಅಷ್ಟು ದೊಡ್ಡ ಆಳು ಪ್ರತಿ ಸಲವೂ ಅಲಿಯ ತೂಕವನ್ನು ಕತ್ತಿನ ಮೇಲೆ ಹೊತ್ತುಕೊಂಡು ಏಳಬೇಕು. ತೋಳು ದಣಿಯುವುದಕ್ಕಿಂತ ಬೇಗ ಬೆನ್ನು ದಣಿಯುತ್ತದೆ. ನನ್ನ ಕತ್ತಿನ ಮೇಲೆ ತೂಕದವರೊಬ್ಬರು ಎರಡು ನಿಮಿಷ ಹಾಗೆ ಒರಗಿದ ಮೇಲೆಯೇ ನನಗೆ ಆ ಪಂದ್ಯ ಸರಿಯಾಗಿ ಅರ್ಥವಾದದ್ದು.

ಒಳಗಿನ ಹೊಡೆದಾಟಕ್ಕೆ ಬಾಕ್ಸಿಂಗ್ ಶಾಲೆಗಳಲ್ಲಿ ಒಂದು ಹಳೆಯ ತಾಲೀಮು ಇದೆ. ನೆಲದ ಮೇಲೆ ಒಂದು ಹಳೆಯ ಟೈರ್ ಹಾಕುತ್ತಾರೆ. ಇಬ್ಬರೂ ತಮ್ಮ ಮುಂದಿನ ಕಾಲನ್ನು ಅದರೊಳಗೆ ಇಟ್ಟು ನಿಲ್ಲಬೇಕು. ಕಾಲು ತೆಗೆಯುವಂತಿಲ್ಲ. ಅಲ್ಲಿಂದಲೇ ಪಕ್ಕದಿಂದ ಬೀಸುವ ಸಣ್ಣ ಹುಕ್ಕು, ಕೆಳಗಿನಿಂದ ಏರುವ ಅಪ್ಪರ್‌ಕಟ್ಟು, ಹೊಟ್ಟೆಗೆ ಮೆಲ್ಲನೆಯ ಗುದ್ದು. ಓಡಲು ಜಾಗವಿಲ್ಲದ್ದರಿಂದ ತಲೆ ಎಲ್ಲಿಡಬೇಕು, ಭುಜದಿಂದ ಹೇಗೆ ತಳ್ಳಿ ಅರ್ಧ ಗೇಣು ಸಂದು ಮಾಡಿಕೊಳ್ಳಬೇಕು ಎಂಬುದನ್ನು ಕಲಿಯದೆ ಗತಿಯಿಲ್ಲ. ಖರ್ಚಿಲ್ಲದ ಸಲಕರಣೆ. ತರಬೇತುದಾರ ಬಾಯಿ ಬಿಡಬೇಕಾಗಿಲ್ಲ, ಟೈರೇ ಅರ್ಧ ಪಾಠ ಹೇಳುತ್ತದೆ.

ಎದೆಗೆ ಎದೆ

ನಮ್ಮ ತರಗತಿಯಲ್ಲಿ ದಿನವೂ ಮೊದಲು ಮಾಡಿಸುವುದು ಪಮ್ಮಲಿಂಗ್. ಜಗತ್ತಿನ ಯಾವ ಕುಸ್ತಿ ಮ್ಯಾಟಿಗೆ ಹೋದರೂ ಇದು ಸಿಗುತ್ತದೆ. ಇಬ್ಬರು ಎದೆಗೆ ಎದೆ ತಾಗಿಸಿ, ಒಬ್ಬರ ಭುಜದ ಮೇಲೊಬ್ಬರು ಗಲ್ಲ ಇಟ್ಟು ನಿಲ್ಲುತ್ತಾರೆ. ನನ್ನ ಬಲಗೈ ಅವರ ಎಡ ಕಂಕುಳ ಕೆಳಗಿನಿಂದ ಹಾದು ಬೆನ್ನಿನ ಮೇಲಿರುತ್ತದೆ, ಎಡಗೈ ಅವರ ಬಲತೋಳಿನ ಮೇಲಿರುತ್ತದೆ. ಅವರದೂ ಹಾಗೆಯೇ. ಕಂಕುಳ ಕೆಳಗೆ ಹೋದ ಕೈಗೆ ಅಂಡರ್‌ಹುಕ್ ಎನ್ನುತ್ತಾರೆ. ಈ ದೂರದಲ್ಲಿ ಅದೇ ದೊಡ್ಡ ಆಸ್ತಿ. ಯಾರ ಕೈ ಒಳಗಿದೆಯೋ ಅವನು ಎತ್ತಬಲ್ಲ, ತಿರುಗಿಸಬಲ್ಲ, ಇನ್ನೊಂದು ಕೈಯಿಂದ ಹೊಡೆಯಬಲ್ಲ. ಈಗ ನಾನು ಮೇಲಿರುವ ಎಡಗೈಯ ಬೆರಳುಗಳನ್ನು ಕೂಡಿಸಿ, ಅವರ ತೋಳು ಮತ್ತು ಎದೆಯ ನಡುವಿನ ಸಂದಿಯಲ್ಲಿ ಕೆಳಕ್ಕೆ ತೂರಿಸಿ, ಕಂಕುಳ ಕೆಳಗಿನಿಂದ ಮೇಲಕ್ಕೆ ತರುತ್ತೇನೆ. ಅದೇ ಹೊತ್ತಿಗೆ ಅವರೂ ಇನ್ನೊಂದು ಬದಿಯಲ್ಲಿ ಅದನ್ನೇ ಮಾಡುತ್ತಾರೆ. ಕೈಗಳು ಅದಲುಬದಲಾಗುತ್ತವೆ, ತಲೆ ಆ ಭುಜದಿಂದ ಈ ಭುಜಕ್ಕೆ ಬರುತ್ತದೆ. ಮತ್ತೆ ಎಡ, ಮತ್ತೆ ಬಲ.

ಹೊರಗಿನಿಂದ ನೋಡುವವರಿಗೆ ಇದು ವಿಚಿತ್ರವಾದ ಅಪ್ಪುಗೆ. ಒಮ್ಮೆ ಜಿಮ್ಮಿಗೆ ಮಗನನ್ನು ಸೇರಿಸಲು ಬಂದಿದ್ದ ಹಿರಿಯರೊಬ್ಬರು ಬಾಗಿಲಲ್ಲೇ ನಿಂತು, ಇವರು ಜಗಳ ಯಾವಾಗ ಶುರು ಮಾಡುತ್ತಾರೆ ಎಂದು ಕೇಳಿದ್ದರು. ಪ್ರಶ್ನೆಯಲ್ಲಿ ಹುರುಳಿತ್ತು. ಮೊದಲ ಹಂತದಲ್ಲಿ ಜಗಳವಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಾರೆ, ಬರೀ ಲಯ. ಎರಡನೆಯ ಹಂತದಲ್ಲಿ ತೂಕ ಸೇರುತ್ತದೆ. ಕೈ ಬಿಡುತ್ತೇನೆ, ಆದರೆ ಎದೆಯ ಒತ್ತಡ ಬಿಡುವುದಿಲ್ಲ. ಮೂರನೆಯದರಲ್ಲಿ ಬಿಡುವುದು ಎಂಬುದೇ ಇಲ್ಲ. ಎರಡು ಕೈಯನ್ನೂ ಯಾರು ಮೊದಲು ಒಳಗೆ ತೂರಿಸಿ ಬೆನ್ನ ಹಿಂದೆ ಬೆರಳು ಕೂಡಿಸುತ್ತಾರೋ ಅವರು ಗೆದ್ದಂತೆ. ನೋಡಲು ಮೂರೂ ಒಂದೇ ಚಲನೆ. ಆದರೆ ಮೊದಲ ಹಂತದಲ್ಲಿ ರಾಜನಂತಿದ್ದವನು ಮೂರನೆಯದರಲ್ಲಿ ಮಗುವಾಗುವುದನ್ನು ದಿನವೂ ನೋಡುತ್ತೇವೆ.

ನನ್ನ ಖಾಯಂ ಜೋಡಿ ಒಬ್ಬ ಬ್ಯಾಂಕ್ ಉದ್ಯೋಗಿ. ನನಗಿಂತ ಸುಮಾರು 20 ಕಿಲೊ ಹೆಚ್ಚು ಭಾರ, ನನಗಿಂತ ಹತ್ತಾರು ವರ್ಷ ಚಿಕ್ಕವರು, ಕಾಲೇಜಿನಲ್ಲಿ ಕುಸ್ತಿ ಆಡಿದವರು. ಅವರ ಕ್ರಮವೇ ಬೇರೆ. ನನ್ನ ಮೊಣಕೈ ಪಕ್ಕೆಲುಬಿಗೆ ಅಂಟಿಕೊಂಡಿರುವಷ್ಟು ಹೊತ್ತು ಅವರು ಸಾಮಾನ್ಯ ಮನುಷ್ಯ. ಅದು ಒಂದಿಷ್ಟು ಹೊರಗೆ ತೆರೆದುಕೊಂಡಿತೋ, “ಮೊಣಕೈ, ಸರ್” ಎಂದು ಸೌಜನ್ಯದಿಂದಲೇ ಹೇಳಿ, ಆ ಸಂದಿಯಲ್ಲಿ ಕೈ ಇಟ್ಟು ನನ್ನನ್ನು ಹಿಮ್ಮಡಿಯ ಮೇಲೆ ಎತ್ತಿಬಿಡುತ್ತಾರೆ. ಕೆಡವುವುದಿಲ್ಲ. ಎತ್ತಿ, ನನ್ನ ಕಾಲು ನೆಲದ ಹಿಡಿತ ಕಳೆದುಕೊಂಡದ್ದು ನನಗೆ ಗೊತ್ತಾಗುವವರೆಗೆ ಕಾದು, ಇಳಿಸುತ್ತಾರೆ. ಮತ್ತೆ ಶುರು. ತರಬೇತುದಾರ ದೂರದಿಂದ ಕೂಗಿ ಹೇಳುವ ಸೂಚನೆಗಳು ಕಿವಿಗೆ ಬೀಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಈ ಮನುಷ್ಯ ಕೊಡುವ ಸೂಚನೆ ತಪ್ಪು ನಡೆದ ಕ್ಷಣದಲ್ಲೇ, ತಪ್ಪು ನಡೆದ ಜಾಗದಲ್ಲೇ ಬರುತ್ತದೆ. ಅವರಿಗೆ ಕಲಿಸುವ ಉದ್ದೇಶವಿದೆಯೋ ಇಲ್ಲವೋ ಗೊತ್ತಿಲ್ಲ. ಬಹುಶಃ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿ ನೋಡಿ ಬಂದ ಗುಣ ಇರಬಹುದು.

ಮಟ್ಟಿಯಲ್ಲಿ ಕಂಡದ್ದು

ಇಂಥ ಜೋಡಿಯನ್ನು ನಾನು ಮೊದಲು ನೋಡಿದ್ದು ಮೈಸೂರಿನಲ್ಲಿ. ನನ್ನ ಸೋದರಮಾವ ಪ್ರಾಯದಲ್ಲಿ ಗರಡಿ ಮನೆಗೆ ಹೋಗುತ್ತಿದ್ದರು. ರಜೆಯಲ್ಲಿ ಊರಿಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿ ಒಂದು ಮೂಲೆಯಲ್ಲಿ ಕೂರಿಸುತ್ತಿದ್ದರು. ಮೈಸೂರಿನ ಗರಡಿಗಳನ್ನು ಕಂಡವರಿಗೆ ಆ ಜಾಗದ ವರ್ಣನೆ ಬೇಕಿಲ್ಲ: ಬಗ್ಗಿ ಒಳಗೆ ಹೋಗಬೇಕಾದ ಬಾಗಿಲು, ಹನುಮಂತನ ಪಟ, ಗೋಡೆಗೆ ಒರಗಿಸಿದ ಗದೆ, ನಡುವೆ ಕುಸ್ತಿಯಾಡುವ ಕೆಮ್ಮಣ್ಣಿನ ಮಟ್ಟಿ. ಎಣ್ಣೆ, ಅರಿಸಿನ, ಮಜ್ಜಿಗೆ ಬಿದ್ದು ಬಿದ್ದು ಆ ಮಣ್ಣಿಗೆ ಬೇರೆಲ್ಲೂ ಇಲ್ಲದ ವಾಸನೆ ಬಂದಿರುತ್ತದೆ. ಆಡುವ ಮೊದಲು ಹುಡುಗರೇ ಗುದ್ದಲಿ ಹಿಡಿದು ಮಟ್ಟಿಯನ್ನು ಅಗೆದು ಸಡಿಲ ಮಾಡಬೇಕು. ಅದೂ ಸಾಮಿನ ಭಾಗವೇ. ಅಗೆದು ಮುಗಿಯುವಷ್ಟರಲ್ಲಿ ತೋಳಿನಲ್ಲಿ ಹುರುಪೆಂಬುದು ಉಳಿದಿರುವುದಿಲ್ಲ, ಹಾಗಾಗಿ ಬಲ ತೋರಿಸುವ ಆಸೆಯೂ ಉಳಿದಿರುವುದಿಲ್ಲ.

ಒಂದು ಬೆಳಗ್ಗೆ ಉಸ್ತಾದರು ಮೀಸೆ ಮೂಡುತ್ತಿದ್ದ ಒಬ್ಬ ಹುಡುಗನನ್ನು ಹಿರಿಯ ಪೈಲ್ವಾನರೊಬ್ಬರ ಜತೆ ಬಿಟ್ಟರು. ಹಿರಿಯರ ಎರಡೂ ಕಿವಿಗಳು ಜಜ್ಜಿ ಮುದುಡಿ ಗಟ್ಟಿಯಾಗಿದ್ದವು. ಎದುರಾಳಿಯ ತಲೆಗೆ ಉಜ್ಜಿ ಉಜ್ಜಿ ಕಿವಿಯೊಳಗೆ ರಕ್ತ ಕಟ್ಟಿ, ಅದನ್ನು ತೆಗೆಸದೆ ಬಿಟ್ಟರೆ ಹಾಗಾಗುತ್ತದೆಂದು ನನಗೆ ಆಮೇಲೆ ತಿಳಿಯಿತು. ಉಸ್ತಾದರು ಜಗಲಿಯ ಮೇಲಿಂದ ಹಿರಿಯರಿಗೆ ಹೇಳಿದ್ದು ಇಷ್ಟೇ: “ನೀನು ಅವನನ್ನು ಕೆಡವಬೇಡ. ಅವನು ಕೆಡವಿದರೆ ಸುಮ್ಮನೆ ಬೀಳಬೇಡ.” ಹುಡುಗ ನುಗ್ಗಿದ, ಕತ್ತಿಗೆ ಕೈ ಹಾಕಿದ, ಎಳೆದ. ಹಿರಿಯರು ಅಲುಗಲಿಲ್ಲ. ಮತ್ತೆ ಎಳೆದ, ಬೆವರಿಗೆ ಕೈ ಜಾರಿತು. ಮೂರನೆಯ ಸಲ ಕೈ ಜಾರಿದಾಗ ಹಿರಿಯರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ತಮ್ಮ ಕತ್ತಿಗೆ ತಾವೇ ಉಜ್ಜಿಕೊಂಡರು. ಹುಡುಗನಿಗೆ ಹಿಡಿತ ಸಿಗಲಿ ಎಂದು. ಇನ್ನಷ್ಟು ಮಣ್ಣನ್ನು ಅವನ ಕೈಗೂ ಹಾಕಿ ಮತ್ತೆ ನಿಂತರು. ಈಗ ಹಿಡಿತ ಸಿಕ್ಕಿತು, ಆದರೂ ಕೆಡವಲಾಗಲಿಲ್ಲ, ಏಕೆಂದರೆ ಹುಡುಗ ತೋಳಿನಿಂದ ಎಳೆಯುತ್ತಿದ್ದ, ಕಾಲು ಹಿಂದೆ ಸರಿಸುತ್ತಿರಲಿಲ್ಲ. ಬಹಳ ಹೊತ್ತು ಹಾಗೇ ನಡೆಯಿತು. ದಣಿದೋ ಆಕಸ್ಮಿಕವಾಗಿಯೋ ಒಮ್ಮೆ ಅವನ ಕಾಲು ಹಿಂದೆ ಹೋಯಿತು, ಅವನ ಪೂರ್ತಿ ತೂಕ ಆ ಕತ್ತಿಗೆ ಬಿತ್ತು, ಹಿರಿಯರ ಒಂದು ಮೊಣಕಾಲು ಮಣ್ಣಿಗೆ ತಾಗಿತು. ಅಷ್ಟೇ. ಅವರು ತಕ್ಷಣ ಎದ್ದು, “ಇನ್ನೊಮ್ಮೆ” ಎಂದರು.

ಅವರು ಕೊಟ್ಟದ್ದೇನು, ಕೊಡದೆ ಉಳಿಸಿಕೊಂಡದ್ದೇನು ಎಂದು ಈಗ ಲೆಕ್ಕ ಹಾಕುತ್ತೇನೆ. ಹಿಡಿತವನ್ನು ಕೊಟ್ಟರು, ಕೇಳದೆಯೇ ಕೊಟ್ಟರು. ಕಾಲವನ್ನೂ ಧಾರಾಳವಾಗಿ ಕೊಟ್ಟರು. ಗೆಲುವನ್ನು ಮಾತ್ರ ಕೊಡಲಿಲ್ಲ. ಹುಡುಗನ ಕೆಲಸ ಸರಿಯಾದಾಗ ಸರಿಯಾದಷ್ಟೇ ಬಾಗಿದರು, ಒಂದು ಮೊಣಕಾಲಿನಷ್ಟು. ವಿಡಿಯೊದ ಶಿಷ್ಯನಾಗಿದ್ದರೆ ಮೊದಲ ಎಳೆತಕ್ಕೇ ಅಂಗಾತ ಬಿದ್ದಿರುತ್ತಿದ್ದ. ಜಿಮ್ಮಿನ ಹುಮ್ಮಸ್ಸಿನ ಹುಡುಗನಾಗಿದ್ದರೆ ಎಳೆದ ಕೈಯನ್ನು ಹಿಡಿದು ತಿರುಗಿಸಿ ಕಲಿಯುವವನನ್ನೇ ಕೆಡವಿ ಮುಗಿಸಿರುತ್ತಿದ್ದ. ಎರಡೂ ಸಂದರ್ಭದಲ್ಲಿ ಆ ಕಾಲು ಹಿಂದೆ ಸರಿಯುವ ಪ್ರಸಂಗವೇ ಬರುತ್ತಿರಲಿಲ್ಲ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳ ಪ್ರಕಾರ ವಿಂಗಡಿಸುವುದು, ಅವರ ಊಟ, ಅವರ ವ್ಯಾಯಾಮ ಎಲ್ಲ ಅಲ್ಲಿದೆ. ಕಂಬದ ಮೇಲಿನ ಸಾಧನೆಯೂ ಇದೆ. ರಾಜನೊಬ್ಬ ಕೂತು ಇದನ್ನೆಲ್ಲ ಬರೆದಿಟ್ಟದ್ದು ನನಗೆ ಬಹಳ ಇಷ್ಟವಾದ ಸಂಗತಿ. ಆದರೆ ಕಂಬ ಎಷ್ಟೇ ನುಣುಪಾಗಿದ್ದರೂ ಅದು ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಜರುಗಿಸುವುದಿಲ್ಲ.

ಅಪಾಯವನ್ನು ತೆಗೆದಾಗ ಉಳಿಯುವ ಹರಿತ

ಜಪಾನಿನ ಕಾನೊ ಜಿಗೊರೊ 1882ರಲ್ಲಿ ಟೋಕಿಯೊದ ಒಂದು ದೇವಸ್ಥಾನದಲ್ಲಿ ಹನ್ನೆರಡು ಚಾಪೆಯಷ್ಟು ಜಾಗದಲ್ಲಿ ಕೊಡೊಕಾನ್ ಎಂಬ ತನ್ನ ಜೂಡೊ ಶಾಲೆಯನ್ನು ಶುರು ಮಾಡಿದ. ಹಳೆಯ ಜುಜುತ್ಸು ಶಾಲೆಗಳಲ್ಲಿ ಕಣ್ಣಿಗೆ ಚುಚ್ಚುವುದು, ಮರ್ಮಕ್ಕೆ ಹೊಡೆಯುವುದು, ಬೆರಳು ಮುರಿಯುವುದು ಇದ್ದವು. ಅವುಗಳನ್ನು ಪೂರ್ತಿ ಬಲದಿಂದ ಅಭ್ಯಾಸ ಮಾಡಿದರೆ ಶಾಲೆಯಲ್ಲಿ ವಿದ್ಯಾರ್ಥಿಗಳೇ ಉಳಿಯುವುದಿಲ್ಲ. ಆದ್ದರಿಂದ ಅವು ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ, ಕತಾ ಎಂಬ ಸಂಯೋಜಿತ ರೂಪದಲ್ಲಿ ನಡೆಯಬೇಕು. ಕಾನೊ ಗುದ್ದುಗಳನ್ನೂ ತೀರ ಅಪಾಯದ ಪಟ್ಟುಗಳನ್ನೂ ಕತಾದಲ್ಲಿ ಉಳಿಸಿ, ಎಸೆಯುವ, ಒತ್ತಿ ಹಿಡಿಯುವ, ಉಸಿರು ಕಟ್ಟಿಸುವ ಪಟ್ಟುಗಳನ್ನು ರಾಂದೊರಿ ಎಂಬ ಮುಕ್ತ ಅಭ್ಯಾಸಕ್ಕೆ ತಂದ. ಅಲ್ಲಿ ಇಬ್ಬರೂ ನಿಜವಾಗಿ ಪ್ರಯತ್ನಿಸಬಹುದು, ನಿಜವಾಗಿ ತಡೆಯಬಹುದು. ತೋರಿಕೆಗೆ ಅವನು ವಿದ್ಯೆಯನ್ನು ಮೊಂಡು ಮಾಡಿದ. ನಡೆದದ್ದು ಉಲ್ಟಾ: ದಿನವೂ ತಡೆಯುವವನ ಮೇಲೆ ಪ್ರಯೋಗವಾಗುವ ಸಾಧಾರಣ ಎಸೆತ, ಯಾರ ಮೇಲೂ ಪೂರ್ತಿ ಪ್ರಯೋಗವಾಗದ ಭಯಂಕರ ಪಟ್ಟಿಗಿಂತ ಹರಿತವಾಗುತ್ತ ಹೋಯಿತು.

ಈ ವಿಚಾರ ಬಂದಾಗಲೆಲ್ಲ ನನಗೆ ನೆನಪಾಗುವುದು ದಸರೆಯ ವಜ್ರಮುಷ್ಟಿ ಕಾಳಗ. ವಿಜಯದಶಮಿಯಂದು ಜಂಬೂ ಸವಾರಿಗೆ ಮೊದಲು ಮೈಸೂರು ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮೊನೆಯುಳ್ಳ ಆಯುಧ ತೊಟ್ಟು ಸೆಣಸುತ್ತಾರೆ. ಹಿಡಿಯುವುದೂ ಉಂಟು, ಹೊಡೆಯುವುದೂ ಉಂಟು. ತಲೆಯಿಂದ ಮೊದಲ ರಕ್ತ ಚಿಮ್ಮಿತೆಂದರೆ ಮುಗಿಯಿತು. ಕೆಲವು ಸಲ ನೋಡುವವರು ಕೂತು ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ. ಅದು ಪೂಜೆಯ ಭಾಗ, ಆಟವಲ್ಲ, ಹಾಗಾಗಿ ಅದನ್ನು ಮ್ಯಾಟಿನ ಅಳತೆಗೋಲಿನಿಂದ ಅಳೆಯಬಾರದು. ಆದರೂ ಅಂಥ ಆಯುಧ ಕೈಯಲ್ಲಿದ್ದಾಗ ನಿಧಾನವಾಗಿ ತಪ್ಪು ಮಾಡಿ, ತಿದ್ದಿಕೊಂಡು, ಮತ್ತೊಮ್ಮೆ ಆಡಲು ಎಡೆಯೇ ಇಲ್ಲ ಎಂಬುದು ಅಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಹೊಡೆತವನ್ನೂ ಹಿಡಿತವನ್ನೂ ಒಟ್ಟಿಗೆ ಇಟ್ಟುಕೊಂಡು ದಿನವೂ ಅಭ್ಯಾಸ ಮಾಡುವ ದಾರಿ ಹುಡುಕಿದವರು ಥಾಯ್‌ಗಳು. ಮುಯ್ ಥಾಯ್‌ನಲ್ಲಿ ಕತ್ತು ಹಿಡಿದು ಮೊಣಕಾಲು ಹೊಡೆಯುವುದು ನ್ಯಾಯಸಮ್ಮತ. ಕ್ಲಿಂಚ್ ಜೀವಂತವಾಗಿರುವವರೆಗೆ ರೆಫ್ರಿ ಬಿಡಿಸುವುದಿಲ್ಲ. ಅಲ್ಲಿನ ಶಿಬಿರಗಳಲ್ಲಿ ಹುಡುಗರು ಅಭ್ಯಾಸದ ಕೊನೆಯಲ್ಲಿ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಕ್ಲಿಂಚ್ ಮಾತ್ರ ಆಡುತ್ತಾರೆ. ಗುದ್ದಿಲ್ಲ, ಮೊಣಕೈ ಏಟಿಲ್ಲ. ಮೊಣಕಾಲನ್ನು ಚಿಪ್ಪಿನಿಂದ ಹೊಡೆಯುವುದಿಲ್ಲ, ತೊಡೆಯ ಒಳಬದಿಯಿಂದ ಎದುರಾಳಿಯ ಪಕ್ಕೆಗೆ ಚಟ್ಟೆಂದು ಬಡಿಯುತ್ತಾರೆ. ಸದ್ದು ಬರುತ್ತದೆ, ಗಾಯವಾಗುವುದಿಲ್ಲ, ಆದರೆ ಏಟು ಬಿದ್ದದ್ದು ಇಬ್ಬರಿಗೂ ಗೊತ್ತಾಗುತ್ತದೆ. ಕತ್ತಿನ ಹೋರಾಟ ಮಾತ್ರ ಪೂರ್ತಿ ನಿಜ. ಕೈಯನ್ನು ಕತ್ತಿನ ಬುಡಕ್ಕೆ ಹಾಕದೆ ತಲೆಯ ಹಿಂಬದಿಗೆ, ಆದಷ್ಟು ಮೇಲಕ್ಕೆ ಹಾಕಬೇಕು, ಮುಂಗೈಗಳು ಅವನ ಎದೆಮೂಳೆಯ ಮೇಲ್ಭಾಗಕ್ಕೆ ಒತ್ತಬೇಕು, ಮೊಣಕೈಗಳ ನಡುವೆ ಸಂದಿರಬಾರದು. ಹಿಡಿಸಿಕೊಂಡವನಿಗೆ ಉಳಿದ ದಾರಿ ಎರಡೇ. ಬೆನ್ನು ನೆಟ್ಟಗಿಟ್ಟುಕೊಂಡು ಸೊಂಟವನ್ನು ಹಿಡಿದವನ ಸೊಂಟಕ್ಕೆ ಅಂಟಿಸಬೇಕು, ಇಲ್ಲವೆ ಅವನ ಕೈಗಳ ನಡುವಿನಿಂದ ತನ್ನ ಕೈ ಮೇಲಕ್ಕೆ ತೂರಿಸಬೇಕು. ಹಿಂದೆ ಸರಿಯಲು ಹೋದರೆ ಮೊಣಕಾಲಿಗೆ ಜಾಗ ಮಾಡಿಕೊಟ್ಟಂತೆ. 2006ರಲ್ಲಿ ಲಾಸ್ ವೇಗಸ್ಸಿನಲ್ಲಿ ಆ್ಯಂಡರ್ಸನ್ ಸಿಲ್ವಾ ಮಿಶ್ರ ಸಮರಕಲೆಯ (ಎಂಎಂಎ) ಆಗಿನ ಚಾಂಪಿಯನ್ ರಿಚ್ ಫ್ರ್ಯಾಂಕ್ಲಿನ್‌ನ ಮೂಗು ಮುರಿದದ್ದು ಈ ಹಿಡಿತದಿಂದಲೇ, ಮೊದಲ ಸುತ್ತಿನಲ್ಲೇ. ಫ್ರ್ಯಾಂಕ್ಲಿನ್ ಹಿಂದೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವನು, ಬುದ್ಧಿವಂತ ಹೋರಾಟಗಾರ. ಆದರೆ ಸಿಕ್ಕಿಹಾಕಿಕೊಂಡ ತಲೆಗೆ ಯೋಚಿಸಲು ಎಡೆ ಸಿಗಲಿಲ್ಲ.

ಮುಟ್ಟುವುದರ ಮುಜುಗರ

ಹೊಸಬರಿಗೆ ಈ ತಾಲೀಮಿನಲ್ಲಿ ಎಲ್ಲಕ್ಕಿಂತ ಕಷ್ಟವಾಗುವುದು ನೋವಲ್ಲ, ಮುಟ್ಟುವುದು. ಬಸ್ಸಿನಲ್ಲಿ ಪಕ್ಕದವರ ಭುಜ ತಾಗಿದರೆ ಸರಿದು ಕೂರುವ ನಾವು ಅಪರಿಚಿತನ ಬೆವರಿದ ಕಿವಿಗೆ ಕಿವಿ ಹಚ್ಚಿ ನಿಲ್ಲಬೇಕು. ನಗು ಬರುತ್ತದೆ, ಕ್ಷಮೆ ಕೇಳುತ್ತಾರೆ, ಎದೆ ಹಿಂದೆ ಎಳೆದುಕೊಂಡು ಕೈ ಮಾತ್ರ ಮುಂದೆ ಚಾಚುತ್ತಾರೆ. ಎರಡು ಮೈಗಳ ನಡುವೆ ಒಂದು ಗೇಣು ಸೌಜನ್ಯ ಉಳಿದುಬಿಡುತ್ತದೆ. ಆ ಒಂದು ಗೇಣಿನಲ್ಲಿ ಕಲಿಯಬೇಕಾದದ್ದೆಲ್ಲ ಸೋರಿಹೋಗುತ್ತದೆ. (ಶುಚಿತ್ವದ ಮಾತು ಬೇರೆ. ಉಗುರು ಕತ್ತರಿಸದೆ, ತೊಳೆಯದ ಟೀಶರ್ಟ್ ಹಾಕಿಕೊಂಡು ಮ್ಯಾಟಿಗೆ ಬರುವವರ ಬಗ್ಗೆ ನನಗೆ ಯಾವ ಕರುಣೆಯೂ ಇಲ್ಲ. ಒಬ್ಬರ ಗಜಕರ್ಣ ವಾರದೊಳಗೆ ಇಡೀ ತರಗತಿಗೆ ಹಬ್ಬುತ್ತದೆ.)

ನಮ್ಮ ತರಗತಿಗೆ ಬರುವ ಯುವತಿಯೊಬ್ಬರಿಗೆ ಈ ಸೌಜನ್ಯದ ಕಾಟ ಹೆಚ್ಚು. ಗಂಡಸರು ಅವರ ಜತೆ ನಿಂತ ಕೂಡಲೇ ಅರ್ಧ ಜೀವ ಕಳೆದುಕೊಂಡವರಂತೆ ಆಗುತ್ತಾರೆ. ಅವರು ಕೈ ಹಾಕಿದರೆ ಸಾಕು, ತಲೆ ತಾನಾಗಿಯೇ ಬಾಗುತ್ತದೆ. ಒಂದು ಸಂಜೆ ಅವರು ರೇಗಿ, “ಅಣ್ಣಾ, ನೀವು ಹೀಗೆ ಬಿಟ್ಟುಕೊಟ್ಟರೆ ನಾನು ಮನೆಯಲ್ಲಿ ದಿಂಬಿನ ಜತೆಯೇ ಆಡಬಹುದಿತ್ತು, ಆಟೊ ದುಡ್ಡಾದರೂ ಉಳಿಯುತ್ತಿತ್ತು” ಎಂದರು. ಆ ಅಣ್ಣ ಗಟ್ಟಿಯಾಗಿ ಹಿಡಿದರೆ ಒರಟ, ಬಿಟ್ಟರೆ ನಿಷ್ಪ್ರಯೋಜಕ ಎಂಬ ಇಕ್ಕಟ್ಟಿನಲ್ಲಿ ಕೆಂಪಾದ. ನನ್ನ ಪ್ರಕಾರ ಇಲ್ಲಿ ತಪ್ಪು ಬಿಟ್ಟುಕೊಟ್ಟವನದೇ. ಹಿಡಿತದಲ್ಲಿ ಮರ್ಯಾದೆ ಇಟ್ಟುಕೊಂಡು ಬಲ ಬಿಡದಿರುವುದು ಸಾಧ್ಯ, ನಮ್ಮ ಬ್ಯಾಂಕ್ ಗೆಳೆಯರು ಅವರ ಜತೆಯೂ ಹಾಗೇ ಆಡುತ್ತಾರೆ. 2016ರಲ್ಲಿ ರಿಯೊದಲ್ಲಿ ಕಂಚು ಗೆದ್ದು ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳಾ ಕುಸ್ತಿಪಟುವಾದ ಸಾಕ್ಷಿ ಮಲಿಕ್ ರೋಹ್ಟಕ್‌ನಲ್ಲಿ ಹುಡುಗರ ಜತೆ ಆಡಿ ಬೆಳೆದವರು. ಆ ಹುಡುಗರು ಬರೀ ಸೌಜನ್ಯ ತೋರಿಸಿದ್ದರೆ ಆ ಪದಕ ಬರುತ್ತಿತ್ತೆಂದು ನನಗನಿಸುವುದಿಲ್ಲ.

ಹಾಗಾದರೆ ಎಷ್ಟು? ನಮ್ಮ ತರಬೇತುದಾರ ಚಿಕ್ಕ ವಯಸ್ಸಿನವರು, ಓದಿಕೊಂಡವರು. “ಶೇಕಡ 50 ವಿರೋಧ ಕೊಡಿ” ಎನ್ನುತ್ತಾರೆ. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. 90 ಕಿಲೊ ಆಳಿನ ಅರ್ಧವೂ 60 ಕಿಲೊ ಆಳಿನ ಅರ್ಧವೂ ಒಂದೇ ಅಲ್ಲ. ದಣಿದ ಮೇಲೆ ಪ್ರತಿಯೊಬ್ಬನೂ ತನ್ನ ಪೂರ್ತಿಯನ್ನೇ ಅರ್ಧವೆಂದು ನಂಬಿರುತ್ತಾನೆ. ಶೇಕಡಾವಾರು ಹೇಳುವ ಬದಲು ಕೆಲಸ ಹೇಳುವುದು ಮೇಲು: ನೀನು ಕೆಡವಬೇಡ, ಅವನ ಕೈ ಒಳಗೆ ಬರದಂತೆ ಮಾತ್ರ ನೋಡಿಕೋ. ಅಥವಾ ನೀನು ಗೋಡೆಗೆ ಒರಗಿ ನಿಲ್ಲು, ಅಲ್ಲಿಂದ ಹೊರಗೆ ಬರಲು ಮಾತ್ರ ನಿನಗೆ ಅನುಮತಿ, ಹೊಡೆಯಲು ಇಲ್ಲ. ಇಂಥ ಗಡಿ ಹಾಕಿದರೆ ಅದರೊಳಗೆ ಪೂರ್ತಿ ಬಲ ಹಾಕಬಹುದು, ಯಾರೂ ನಟಿಸಬೇಕಾಗಿಲ್ಲ. ಗರಡಿಯ ಉಸ್ತಾದರು ಜಗಲಿಯಿಂದ ಹೇಳಿದ್ದೂ ಇದನ್ನೇ.

ಜೋಡಿ ಸಿಗದವರು

ತೀರ ಮೇಲಕ್ಕೆ ಹೋದವರಿಗೆ ಬೇರೊಂದು ಕಷ್ಟ. ಥಾಯ್ಲೆಂಡಿನ ಡೀಸೆಲ್‌ನೋಯ್ ಆರಡಿಗಿಂತ ಎತ್ತರದ ಆಳು, ಕತ್ತು ಹಿಡಿದು ಮೊಣಕಾಲು ಹೊಡೆಯುವುದರಲ್ಲಿ ಅವನಿಗೆ ಸಮನಿರಲಿಲ್ಲ. 1982ರಲ್ಲಿ ಸಾಮಾರ್ತ್ ಪಯಕಾರೂನ್‌ನಂಥ ಪ್ರತಿಭಾವಂತನನ್ನೂ ಸೋಲಿಸಿದ. ಆಮೇಲೆ ಅವನಿಗೆ ಎದುರಾಳಿಗಳೇ ಸಿಗದೆ ಹೋದರು.

ರಷ್ಯಾದ ಅಲೆಕ್ಸಾಂದರ್ ಕರೆಲಿನ್‌ನ ಕತೆ ಇನ್ನೂ ತೀಕ್ಷ್ಣ. ಗ್ರೀಕೊ–ರೋಮನ್ ಕುಸ್ತಿಯಲ್ಲಿ 1988, 1992, 1996ರ ಒಲಿಂಪಿಕ್ ಚಿನ್ನ. 13 ವರ್ಷ ಅಂತರರಾಷ್ಟ್ರೀಯ ಕಣದಲ್ಲಿ ಸೋಲು ಕಂಡಿರಲಿಲ್ಲ. 2000ದ ಸಿಡ್ನಿ ಫೈನಲ್‌ನಲ್ಲಿ ಎದುರಿಗಿದ್ದವನು ಅಮೆರಿಕದ ವಯೋಮಿಂಗಿನಲ್ಲಿ ಹೈನು ಸಾಕುವ ಮನೆಯಲ್ಲಿ ಬೆಳೆದ ರೂಲನ್ ಗಾರ್ಡ್‌ನರ್. ಆಗಿನ ನಿಯಮದ ಪ್ರಕಾರ ಅಂಕವಿಲ್ಲದೆ ಮೊದಲ ಅವಧಿ ಮುಗಿದರೆ ಎರಡನೆಯದು ಎದೆಗೆ ಎದೆ ಕೊಟ್ಟು, ಬೆನ್ನ ಹಿಂದೆ ಕೈ ಕೂಡಿಸಿ ಶುರುವಾಗಬೇಕು. ಯಾರ ಕೈ ಮೊದಲು ಬಿಡುತ್ತದೋ ಎದುರಾಳಿಗೆ ಒಂದು ಅಂಕ. ಕರೆಲಿನ್‌ನ ಕೈಗಳು ಒಂದು ಕ್ಷಣ ಕಳಚಿದವು. ತೀರ್ಪುಗಾರರು ವಿಡಿಯೊ ನೋಡಿ ಅಂಕ ಕೊಟ್ಟರು. 1–0, ಕೊನೆಗೆ ಪಂದ್ಯ ಮುಗಿದದ್ದೂ ಅದೇ ಅಂಕದಲ್ಲಿ. ಆ ತುಣುಕನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಮಹಾ ಬಲದ ಘರ್ಷಣೆಯೇನೂ ಕಾಣುವುದಿಲ್ಲ, ಗಾರ್ಡ್‌ನರ್ ಸೊಂಟ ಸರಿಸುತ್ತಾನೆ, ಬೆರಳುಗಳು ಬೇರೆಯಾಗುತ್ತವೆ. ಇದಕ್ಕೆ ನೂರು ವಿವರಣೆಗಳಿವೆ: ವಯಸ್ಸು, ನಿಯಮ, ದಿನದ ಗ್ರಹಚಾರ. ನನ್ನ ತಲೆಗೆ ಬರುವುದು ಮಾತ್ರ ಇನ್ನೊಂದು ಊಹೆ, ಊಹೆಯೆಂದೇ ಹೇಳುತ್ತೇನೆ. ಅಷ್ಟು ವರ್ಷ ಅವನ ಅಭ್ಯಾಸದ ಮನೆಯಲ್ಲಿ ಅವನ ಕೂಡಿಸಿದ ಕೈಗಳನ್ನು ಬಿಡಿಸಬಲ್ಲ ಜೋಡಿ ಯಾರಿದ್ದರು? ಬಿಡಿಸಲು ಮನಸ್ಸು ಮಾಡುವಷ್ಟು ಧೈರ್ಯವಾದರೂ ಯಾರಿಗಿತ್ತು? ಎಲ್ಲರೂ ಅವನಿಗೆ ಎತ್ತಲು ಮೈ ಕೊಡುವವರೇ ಆಗಿಬಿಟ್ಟಿದ್ದರೆ?

ನನ್ನಂಥವನಿಗೆ ಆ ಭಯವಿಲ್ಲ, ಜಿಮ್ಮಿನಲ್ಲಿ ನನ್ನ ಕೈ ಬಿಡಿಸಬಲ್ಲವರಿಗೆ ಬರವಿಲ್ಲ. ಸದ್ಯದ ಚಿಂತೆ ಬೇರೆ. ಬ್ಯಾಂಕ್ ಗೆಳೆಯರಿಗೆ ಕಲಬುರಗಿಗೆ ವರ್ಗವಾಗಿದೆ, ತಿಂಗಳ ಕೊನೆಗೆ ಹೊರಡುತ್ತಾರೆ. ಅವರ ಜಾಗಕ್ಕೆ ತರಬೇತುದಾರ ಒಬ್ಬ ಕಾಲೇಜು ಹುಡುಗನನ್ನು ನನಗೆ ಜೋಡಿ ಮಾಡಿದ್ದಾರೆ. ಹುಡುಗ ಭಾರವಿದ್ದಾನೆ, ಚುರುಕಾಗಿದ್ದಾನೆ, ಆದರೆ ನನ್ನ ನರೆಗೂದಲು ನೋಡಿ ಕೈ ಸಡಿಲ ಬಿಡುತ್ತಾನೆ. ನಿನ್ನೆ ಅವನನ್ನು ಬದಿಗೆ ಕರೆದು, ನನ್ನ ಮೊಣಕೈ ಪಕ್ಕೆ ಬಿಟ್ಟು ಹೊರಗೆ ಬಂದಾಗಲೆಲ್ಲ ಎತ್ತಬೇಕೆಂದು ಹೇಳಿದ್ದೇನೆ. “ಬಿದ್ದರೆ, ಅಂಕಲ್?” ಎಂದ. ಬೀಳಿಸಬಾರದು, ಎತ್ತಬೇಕು ಅಷ್ಟೇ ಎಂದೆ. ಅವನಿಗೆ ಎಷ್ಟು ಅರ್ಥವಾಯಿತೋ ಗುರುವಾರದ ತರಗತಿಯಲ್ಲಿ ಗೊತ್ತಾಗುತ್ತದೆ.